ರಾಣಿ ತೀರಿಕೊಂಡ ವಾರ ಫುಟ್‌ಬಾಲ್ ಯಾಕೆ ನಿಂತಿತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

2022ರ ಸೆಪ್ಟೆಂಬರ್‌ನಲ್ಲಿ ಎಲಿಜಬೆತ್ ರಾಣಿ ತೀರಿಕೊಂಡಾಗ ಇಂಗ್ಲೆಂಡಲ್ಲಿ ಒಂದು ವಾರಾಂತ್ಯ ಪೂರ್ತಿ ಫುಟ್‌ಬಾಲ್ ಇರ್ಲಿಲ್ಲ. ಅವತ್ತಿಂದ ಮ್ಯಾಚ್ ನೋಡೋ ಗೆಳೆಯರು, ಅಲ್ಲಿಗೆ ಓದೋಕೆ ಹೋಗಿರೋ ನಮ್ಮ ಹುಡುಗ್ರು, ಫ್ಯಾಂಟಸಿ (ನಿಜವಾದ ಆಟಗಾರರನ್ನ ಆರಿಸಿ ತಂಡ ಕಟ್ಟಿ ಪಾಯಿಂಟ್ ಗಳಿಸೋ ಆನ್‌ಲೈನ್ ಆಟ) ಆಡೋರು ಎಲ್ಲಾ ತಿರುಗಿಸಿ ಮುರುಗಿಸಿ ಅದೇ ಅದೇ ಪ್ರಶ್ನೆ ಕೇಳ್ತಾನೇ ಇದಾರೆ, ಅದಕ್ಕೆ ಅವರು ಕೇಳಿದ ಹಾಗೇ ಬರೆದು ಉತ್ತರ ಒಂದೇ ಕಡೆ ಹಾಕಿದೀನಿ. ಎಲ್ಲಾ ಓದ್ಬೇಕು ಅಂತೇನಿಲ್ಲ, ನಿಮಗೆ ಬೇಕಾದ್ದು ಹುಡುಕ್ಕೊಳಿ. ಕೆಲವು ಕಡೆ ನನ್ನ ಅಭಿಪ್ರಾಯ ನುಗ್ಗಿರುತ್ತೆ, ಅದನ್ನ ಅಭಿಪ್ರಾಯ ಅಂತಾನೇ ತಗೊಳಿ.

## ಏನೂ ಗೊತ್ತಿಲ್ಲದವರಿಗೆ

ಅಷ್ಟಕ್ಕೂ ಅವತ್ತು ಆಗಿದ್ದೇನು? ಯಾವ್ಯಾವ ಮ್ಯಾಚ್ ನಿಂತ್ವು?

ರಾಣಿ ತೀರಿಕೊಂಡಿದ್ದು ಸೆಪ್ಟೆಂಬರ್ 8, ಗುರುವಾರ, ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲಿ. 96 ವರ್ಷ ಆಗಿತ್ತು. ಅಲ್ಲಿ ಸಂಜೆ ಆರೂವರೆಗೆ ಸುದ್ದಿ ಹೊರಗೆ ಬಿತ್ತು, ನಮಗೆ ಆಗ ರಾತ್ರಿ ಹನ್ನೊಂದು. ಮಾರನೇ ದಿನ ಶುಕ್ರವಾರ ಪ್ರೀಮಿಯರ್ ಲೀಗ್ (ಅಲ್ಲಿನ ಅತಿ ಮೇಲಿನ ಲೀಗ್), ಇಎಫ್‌ಎಲ್ (ಅಂದ್ರೆ ಅದರ ಕೆಳಗಿನ ಮೂರು ಡಿವಿಷನ್), ಎಫ್‌ಎ (ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ) ಎಲ್ಲರೂ ಸೇರಿ ಆ ವಾರಾಂತ್ಯದ ಆಟ ಮುಂದಕ್ಕೆ ಅಂತ ಘೋಷಣೆ ಮಾಡಿದ್ರು. ಪ್ರೀಮಿಯರ್ ಲೀಗ್‌ನ ಏಳನೇ ರೌಂಡಿನ ಹತ್ತೂ ಮ್ಯಾಚ್ ಹೋಯ್ತು, ಸೋಮವಾರ ಇದ್ದ ಲೀಡ್ಸ್–ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕೂಡ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲೂ ಇದೇ ಕತೆ.

ಪಾಪ ಅನ್ನಿಸಿದ್ದು ಹೆಣ್ಮಕ್ಕಳ ಲೀಗ್ ನೋಡಿ. ಜುಲೈ 31ಕ್ಕೆ ಇಂಗ್ಲೆಂಡ್ ವನಿತೆಯರು ವೆಂಬ್ಲಿಯಲ್ಲಿ 87,192 ಜನರ ಮುಂದೆ ಯೂರೋ ಕಪ್ ಗೆದ್ದಿದ್ರು, ಆ ಜೋಶ್ ಆರೋಕೆ ಮುಂಚೆ ಹೊಸ ಸೀಸನ್ ಶುರು ಆಗ್ಬೇಕಿದ್ದ ವಾರಾಂತ್ಯನೇ ಇದು, ಓಪನಿಂಗ್ ರೌಂಡ್ ಪೂರ್ತಿ ಎದ್ದುಹೋಯ್ತು.

ಸರ್ಕಾರದವರೇ ಆಟ ನಿಲ್ಸಿ ಅಂತ ಆರ್ಡರ್ ಮಾಡಿದ್ರಾ?

ಇಲ್ಲ. ಇದನ್ನ ಎಷ್ಟು ಸಲ ಹೇಳಿದ್ರೂ ಜನ ನಂಬಲ್ಲ. ಸರ್ಕಾರ ಕೊಟ್ಟ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗೇ ಇತ್ತು, ಶೋಕಾಚರಣೆ ಸಮಯದಲ್ಲಿ ಕಾರ್ಯಕ್ರಮ, ಕ್ರೀಡೆ ಯಾವುದನ್ನೂ ರದ್ದು ಮಾಡ್ಲೇಬೇಕು ಅಂತ ಕಡ್ಡಾಯ ಇಲ್ಲ, ಅದು ಆಯಾ ಸಂಸ್ಥೆಗಳಿಗೆ ಬಿಟ್ಟದ್ದು ಅಂತ. ಅಂತ್ಯಕ್ರಿಯೆ ದಿನ ಮಾತ್ರ ನಿಲ್ಲಿಸೋದನ್ನ ಯೋಚನೆ ಮಾಡಿ, ಇಲ್ಲಾಂದ್ರೆ ಮೆರವಣಿಗೆ ಟೈಮಿಗೆ ಅಡ್ಡ ಬರದ ಹಾಗೆ ಸಮಯ ಹೊಂದಿಸ್ಕೊಳಿ, ಆಟ ನಡೆಸೋದಾದ್ರೆ ಮೌನಾಚರಣೆ, ರಾಷ್ಟ್ರಗೀತೆ, ಆಟಗಾರರ ತೋಳಿಗೆ ಕಪ್ಪು ಪಟ್ಟಿ ಇವೆಲ್ಲಾ ಮಾಡಬಹುದು, ಇಷ್ಟೇ. ಫುಟ್‌ಬಾಲ್ ಮಂದಿ ತಾವಾಗೇ ನಿಲ್ಸಿದ್ದು.

ಸುದ್ದಿ ಬಂದ ರಾತ್ರೀನೇ ಮ್ಯಾಂಚೆಸ್ಟರ್ ಯುನೈಟೆಡ್ ಆಡಿತ್ತಲ್ವಾ, ಅದನ್ನ ಯಾಕೆ ನಿಲ್ಸಿಲ್ಲ?

ಅದು ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ಸಂಸ್ಥೆ) ಟೂರ್ನಿ, ಇಂಗ್ಲೆಂಡಿನವರು ಒಬ್ಬರೇ ತೀರ್ಮಾನ ಮಾಡೋ ಹಾಗಿಲ್ಲ, ಜೊತೆಗೆ ಸುದ್ದಿ ಬರೋ ಹೊತ್ತಿಗೆ ಜನ ಆಗಲೇ ಸ್ಟೇಡಿಯಂ ದಾರೀಲಿದ್ರು. ಓಲ್ಡ್ ಟ್ರಾಫರ್ಡ್‌ನಲ್ಲಿ ರಿಯಲ್ ಸೊಸಿಯೆಡಾಡ್ ವಿರುದ್ಧ ಮೌನಾಚರಣೆ ಮಾಡಿ ಆಡಿದ್ರು, ಯುನೈಟೆಡ್ 0–1 ಸೋತಿತು. ಲಂಡನ್‌ನಲ್ಲಿ ವೆಸ್ಟ್ ಹ್ಯಾಮ್ ಮ್ಯಾಚಿಗೆ ಬಂದವರು ಯಾರೂ ಹೇಳದೇ ರಾಷ್ಟ್ರಗೀತೆ ಹಾಡೋಕೆ ಶುರು ಮಾಡಿದ್ರು. ಆರ್ಸೆನಲ್ ಸ್ವಿಟ್ಜರ್ಲೆಂಡಲ್ಲಿ ಜೂರಿಕ್ ಜೊತೆ ಅರ್ಧ ಮ್ಯಾಚ್ ಮುಗಿಸಿತ್ತು, ಇಂಟರ್ವಲ್ ಆದ್ಮೇಲೆ ಮೌನ. ಎಡಿನ್‌ಬರೋದಲ್ಲಿ ಹಾರ್ಟ್ಸ್ ಮ್ಯಾಚಲ್ಲಿ ಮಾತ್ರ ಮೌನದ ಮಧ್ಯೆ ಕೆಲವರು ಕೂಗಾಡಿ ಅದನ್ನ ಅರ್ಧಕ್ಕೇ ಮುಗಿಸ್ಬೇಕಾಯ್ತು. ಈ ಕೊನೇ ವಿಷಯ ನೆನಪಲ್ಲಿಟ್ಕೊಳಿ, ಮುಂದೆ ಬೇಕಾಗುತ್ತೆ.

ಟಿಕೆಟ್ ತಗೊಂಡಿದ್ದವರ ದುಡ್ಡು ಹೋಯ್ತಾ?

ಮ್ಯಾಚ್ ಟಿಕೆಟ್ ಹೋಗಲ್ಲ, ಹೊಸ ಡೇಟಿಗೆ ಅದೇ ನಡೆಯುತ್ತೆ, ಬರೋಕಾಗಲ್ಲ ಅಂದ್ರೆ ಸಾಮಾನ್ಯವಾಗಿ ಕ್ಲಬ್ಬು ಅದರ ನಿಯಮದ ಪ್ರಕಾರ ರೀಫಂಡ್ ಕೊಡುತ್ತೆ. ಹೋಗೋದು ಉಳಿದಿದ್ದೆಲ್ಲಾ. ರೈಲು, ಹೋಟೆಲ್ಲು, ಬೇರೆ ದೇಶದಿಂದ ಬಂದವರ ಫ್ಲೈಟು. ಬೆಂಗಳೂರಿಂದ ಲಿವರ್‌ಪೂಲ್ ಮ್ಯಾಚಿಗೆ ಅಂತಾನೇ ರಜೆ ಹಾಕಿ ಹೋದವನಿಗೆ, ಆ ಸೆಪ್ಟೆಂಬರ್ ಮ್ಯಾಚ್ ಮಾರ್ಚಿಗೆ ಇಟ್ಟಿದೀವಿ ಬನ್ನಿ ಅಂದ್ರೆ ಏನ್ ಉಪಯೋಗ? ಹೋಗೋರಿಗೆ ನನ್ನ ಸಲಹೆ ಇಷ್ಟೇ: ಹೋಟೆಲ್ ಬುಕ್ ಮಾಡೋವಾಗ ಕ್ಯಾನ್ಸಲ್ ಮಾಡೋಕೆ ಆಗೋಂಥದ್ದೇ ತಗೊಳಿ, ಸ್ವಲ್ಪ ದುಬಾರಿ ಆದ್ರೂ ಪರವಾಗಿಲ್ಲ. ಮ್ಯಾಚ್ ಡೇಟು ಸುಮ್ನೆ ಟಿವಿಗೋಸ್ಕರಾನೂ ಬದಲಾಗುತ್ತೆ, ಅದಕ್ಕೆ ಯಾರೂ ತೀರಿಕೊಳ್ಳಬೇಕಿಲ್ಲ.

## ಯಾಕೆ, ಯಾರು, ಎಷ್ಟರ ಮಟ್ಟಿಗೆ ಸರಿ

ಕ್ರಿಕೆಟ್ ನಡೀತು, ರಗ್ಬಿ ನಡೀತು, ಓಟದ ರೇಸ್ ಕೂಡ ನಡೀತು, ಫುಟ್‌ಬಾಲಿಗೆ ಮಾತ್ರ ಏನ್ ಬಂತು?

ಎಲ್ಲರೂ ಕೇಳೋ ಪ್ರಶ್ನೆ ಇದೇ, ಮತ್ತೆ ಸಿಟ್ಟು ಬಂದಿದ್ದೂ ಇಲ್ಲೇ. ಓವಲ್‌ನಲ್ಲಿ ಇಂಗ್ಲೆಂಡ್–ದಕ್ಷಿಣ ಆಫ್ರಿಕಾ ಮೂರನೇ ಟೆಸ್ಟ್ ನಡೀತಿತ್ತು. ಗುರುವಾರ ಮಳೆಗೆ ಹೋಯ್ತು, ಶುಕ್ರವಾರ ಶೋಕಕ್ಕೆ ಅಂತ ನಿಲ್ಸಿದ್ರು, ಶನಿವಾರ ಬೆಳಿಗ್ಗೆ ಶುರು. ಅವತ್ತಿನ ಬೆಳಿಗ್ಗೆ ನೋಡ್ಬೇಕಿತ್ತು ನೀವು. ಎರಡೂ ತಂಡ ತೋಳಿಗೆ ಕಪ್ಪು ಪಟ್ಟಿ ಕಟ್ಕೊಂಡು ಸಾಲಾಗಿ ನಿಂತ್ರು, ತುಂಬಿದ ಮೈದಾನ ಒಂದು ಕೆಮ್ಮು ಕೇಳ್ದಷ್ಟು ಸೈಲೆಂಟು, ಆಮೇಲೆ ಲಾರಾ ರೈಟ್ ಅನ್ನೋ ಗಾಯಕಿ ಮೊದಲು ದಕ್ಷಿಣ ಆಫ್ರಿಕಾದ್ದು, ಆಮೇಲೆ ಹೊಸ ರಾಜನ ಹೆಸರಲ್ಲಿ ಇಂಗ್ಲೆಂಡಿನ ಗೀತೆ ಹಾಡಿದ್ರು. ಎಪ್ಪತ್ತು ವರ್ಷದಿಂದ ರಾಣಿ ಅಂತ ಹಾಡಿ ಹಾಡಿ ರೂಢಿ ಆದ ಜನ ಅವತ್ತು ರಾಜ ಅಂತ ಹಾಡ್ಬೇಕಿತ್ತು. ಹಾಡಿದ್ರು, ಮುಗಿದ ಮೇಲೆ ಚಪ್ಪಾಳೆ, ಆಟ ಶುರು, ಸೋಮವಾರ ಇಂಗ್ಲೆಂಡ್ 9 ವಿಕೆಟ್‌ನಿಂದ ಗೆದ್ದಿತು. ಅದಕ್ಕಿಂತ ಒಳ್ಳೆ ಶ್ರದ್ಧಾಂಜಲಿ ಆ ವಾರ ಯಾವ ಆಟದವರೂ ಕೊಡ್ಲಿಲ್ಲ ಅಂತ ನನ್ನ ಲೆಕ್ಕ.

ರಗ್ಬಿ ಪ್ರೀಮಿಯರ್‌ಶಿಪ್‌ನವರು ಶುಕ್ರವಾರದ್ದನ್ನ ಶನಿವಾರ-ಭಾನುವಾರಕ್ಕೆ ತಳ್ಳಿ ಉಳಿದದ್ದು ನಡೆಸಿದ್ರು. ವೆಂಟ್‌ವರ್ಥ್‌ನಲ್ಲಿ ಗಾಲ್ಫು ಶನಿವಾರ ಮುಂದುವರೀತು, 72 ಹೋಲ್ ಬದಲು 54ಕ್ಕೆ ಮುಗಿಸಿದ್ರು. ಭಾನುವಾರ ಗ್ರೇಟ್ ನಾರ್ತ್ ರನ್ ಓಟ ನಡೀತು. ಕುದುರೆ ರೇಸ್ ಅಂದ್ರೆ ರಾಣಿಗೆ ಪ್ರಾಣ, ಅದನ್ನೂ ಎರಡು ದಿನ ನಿಲ್ಸಿ ಸೇಂಟ್ ಲೆಜರ್ ರೇಸನ್ನ ಭಾನುವಾರ ಓಡ್ಸಿದ್ರು. ಹಾಗಂತ ಫುಟ್‌ಬಾಲ್ ಒಂದೇ ಅಲ್ಲ, ಟೂರ್ ಆಫ್ ಬ್ರಿಟನ್ ಸೈಕಲ್ ರೇಸನ್ನ ಅಲ್ಲಿಗೇ ಮುಗಿಸಿಬಿಟ್ರು. ಆದ್ರೆ ಜನ ಹೋಲಿಸಿದ್ದು ಕ್ರಿಕೆಟ್ ಜೊತೆಗೇ.

ನಿಜ ಹೇಳಿ, ಫ್ಯಾನ್ಸ್ ಬೂ ಮಾಡ್ತಾರೆ (ಅಂದ್ರೆ ಕೂಗಿ ಅವಮಾನ ಮಾಡ್ತಾರೆ) ಅನ್ನೋ ಭಯಕ್ಕೆ ತಾನೇ ನಿಲ್ಸಿದ್ದು?

ಅಧಿಕೃತವಾಗಿ ಹೇಳಿದ್ದು ಗೌರವ ಅಂತ ಮಾತ್ರ. ಭಯ ಇತ್ತು ಅಂತ ಯಾರೂ ಬಾಯಿಬಿಟ್ಟು ಹೇಳಿಲ್ಲ, ಹೇಳೋದೂ ಇಲ್ಲ. ಆದ್ರೆ ಸಂದರ್ಭ ನೋಡಿ. ಅದೇ ವರ್ಷ ಮೇ 14ಕ್ಕೆ ವೆಂಬ್ಲಿಯಲ್ಲಿ ಎಫ್‌ಎ ಕಪ್ ಫೈನಲ್, ಪ್ರಿನ್ಸ್ ವಿಲಿಯಂ ಮುಂದೇನೇ ಲಿವರ್‌ಪೂಲ್ ಫ್ಯಾನ್ಸ್ ರಾಷ್ಟ್ರಗೀತೆಗೆ ಬೂ ಮಾಡಿದ್ರು. ಅವರಿಗೆ ರಾಜಮನೆತನಕ್ಕಿಂತ ಒಟ್ಟು ಆಳುವವರ ಮೇಲೆ ಹಳೇ ಸಿಟ್ಟು, 80ರ ದಶಕದಲ್ಲಿ ಊರಿನ ಕೈಬಿಟ್ಟದ್ದು, 1989ರಲ್ಲಿ ಹಿಲ್ಸ್‌ಬರೋ ಸ್ಟೇಡಿಯಂನ ನೂಕುನುಗ್ಗಲಲ್ಲಿ ಅವರ 97 ಜನ ಸತ್ತು ಸತ್ಯ ಹೊರಗೆ ಬರೋಕೆ ದಶಕಗಳೇ ಹಿಡಿದದ್ದು, ಇವೆಲ್ಲಾ ಅದರ ಹಿಂದಿದೆ. ಅದರ ಮೇಲೆ ಹಾರ್ಟ್ಸ್ ಮ್ಯಾಚಲ್ಲಿ ಗುರುವಾರ ರಾತ್ರಿ ಆಗಿದ್ದನ್ನ ಎಲ್ಲರೂ ನೋಡಿದ್ರು. ಇನ್ನೊಂದು, ಆಗ ಎಫ್‌ಎ ಅಧ್ಯಕ್ಷರು ಯಾರು ಅಂದ್ಕೊಂಡ್ರಿ? ಪ್ರಿನ್ಸ್ ವಿಲಿಯಮ್ಮೇ, 2006ರಿಂದ. ಅಧ್ಯಕ್ಷರ ಅಜ್ಜಿ ತೀರಿಕೊಂಡಿರೋವಾಗ ಯಾವ ಸಂಸ್ಥೆಯವರು ರಿಸ್ಕ್ ತಗೋತಾರೆ?

ತಮಾಷೆ ಏನಂದ್ರೆ ಮುಂದಿನ ಮಂಗಳವಾರ ಲಿವರ್‌ಪೂಲಿನ ಮೈದಾನ ಆನ್‌ಫೀಲ್ಡ್‌ನಲ್ಲೇ ಅಯಾಕ್ಸ್ ವಿರುದ್ಧ ಮ್ಯಾಚ್ ಇತ್ತು, ಮೌನಾಚರಣೆ ಮಾಡೋಣ ಅಂತ ಕೇಳಿದ್ದೇ ಲಿವರ್‌ಪೂಲ್ ಕ್ಲಬ್ಬು, ಅಲ್ಲೊಬ್ಬ ಇಲ್ಲೊಬ್ಬ ಕೂಗಿದ್ದು ಬಿಟ್ರೆ ಜನ ಸುಮ್ನೇ ನಿಂತಿದ್ರು.

ಇಂಗ್ಲೆಂಡಿನ ಫುಟ್‌ಬಾಲ್ ಮಂದಿ ಎಲ್ಲಾ ಒಪ್ಪಿದ್ರಾ?

ಇಲ್ಲಪ್ಪ. ಗ್ಯಾರಿ ನೆವಿಲ್, ಪೀಟರ್ ಕ್ರೌಚ್ ಥರದ ಮಾಜಿ ಆಟಗಾರರು ಆಡ್ಸಿದ್ರೇ ಚೆನ್ನಾಗಿರ್ತಿತ್ತು ಅಂತ ಬಹಿರಂಗವಾಗೇ ಹೇಳಿದ್ರು, ಕಪ್ಪು ಪಟ್ಟಿ, ಮೌನ, ರಾಷ್ಟ್ರಗೀತೆ, ಪ್ರಪಂಚದ ತುಂಬಾ ಕೋಟ್ಯಂತರ ಜನ ನೋಡ್ತಿರ್ತಾರೆ, ಅದಕ್ಕಿಂತ ದೊಡ್ಡ ಗೌರವ ಏನಿದೆ ಅನ್ನೋ ಧಾಟಿ. ಅಭಿಮಾನಿಗಳ ಸಂಘದವರೂ ಇದೊಂದು ಕೈತಪ್ಪಿದ ಅವಕಾಶ ಅಂತಾನೇ ಅಂದ್ರು. ಒಪ್ಪಿದವರೂ ಬೇಕಾದಷ್ಟು ಜನ ಇದ್ರು, ದೇಶದ ಅತಿ ದೊಡ್ಡ ಆಟ ಒಂದು ವಾರ ಸುಮ್ಮನಿದ್ರೆ ಪ್ರಪಂಚ ಮುಳುಗುತ್ತಾ ಅಂತ. ಅದೂ ಸರಿಯೇ. ನನಗೆ ಒಪ್ಪಿಗೆ ಆಗದ್ದು ಕೆಳಗಿನ ಪ್ರಶ್ನೆಯಲ್ಲಿರೋದು.

ಚಿಕ್ಕ ಮಕ್ಕಳ ಮ್ಯಾಚನ್ನೂ ನಿಲ್ಸಿದ್ರು ಅಂತಾರೆ, ನಿಜಾನಾ?

ನಿಜ. ಎಫ್‌ಎ ತೀರ್ಮಾನ ಪ್ರೀಮಿಯರ್ ಲೀಗ್‌ಗೆ ಮಾತ್ರ ಅಲ್ಲ, ಪಾರ್ಕಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ವರ್ಷದ ಮಕ್ಕಳು ಆಡೋ ಮ್ಯಾಚುಗಳವರೆಗೂ, ಎಲ್ಲಕ್ಕೂ. ಅಲ್ಲಿ ಪೊಲೀಸ್ ಬೇಕಾಗಿಲ್ಲ, ಟಿವಿ ಇಲ್ಲ, ಬೂ ಮಾಡೋರಿಲ್ಲ, ಇರೋದು ಹತ್ತಿಪ್ಪತ್ತು ಅಪ್ಪ-ಅಮ್ಮಂದಿರು ಮತ್ತೆ ಒಂದು ಫ್ಲಾಸ್ಕ್ ಟೀ. ಅದೇ ಮಕ್ಕಳು ಅದೇ ಪಾರ್ಕಲ್ಲಿ ಚೆಂಡು ಒದೀಬಹುದು, ಶಾಪಿಂಗ್ ಮಾಲಿಗೆ ಹೋಗ್ಬಹುದು, ಪಕ್ಕದಲ್ಲೇ ಕ್ರಿಕೆಟ್ ಆಡ್ಬಹುದು, ಆದ್ರೆ ರೆಫರಿ ಸೀಟಿ ಊದಿದ್ರೆ ಅಗೌರವ! ಶೆಫೀಲ್ಡ್‌ನಲ್ಲಿ ಒಂದು ಸಣ್ಣ ತಂಡ ಸುಮ್ನೆ ಆಡ್ಕೊಂಡ್ರು, ಅದಕ್ಕೆ ಸ್ಥಳೀಯ ಎಫ್‌ಎ ತನಿಖೆ ಅಂತ ಶುರು ಮಾಡಿತು. ಮೇಲಿನ ಮಟ್ಟದ ಮ್ಯಾಚ್ ನಿಲ್ಸಿದ್ದಕ್ಕೆ ಹತ್ತು ಸಮರ್ಥನೆ ಕೊಡಬಹುದು, ಇದಕ್ಕೆ ಒಂದೂ ಇಲ್ಲ. ರಾಣಿಯನ್ನ ಬಹುಶಃ ಮೊದಲ ಸಲ ಗಂಭೀರವಾಗಿ ನೆನೆಸ್ಕೊಳೋ ವಯಸ್ಸಿನ ಮಕ್ಕಳನ್ನ ಸಾಲಾಗಿ ನಿಲ್ಸಿ ಒಂದು ನಿಮಿಷ ಮೌನ ಮಾಡ್ಸಿ ಆಮೇಲೆ ಆಡೋಕೆ ಬಿಟ್ಟಿದ್ರೆ ಅವರು ಜೀವನಪೂರ್ತಿ ನೆನಪಿಟ್ಕೋತಿದ್ರು.

ಎರಡನೇ ವಾರ ಎಲ್ಲಾ ಆಡಿದ್ರೂ ಚೆಲ್ಸಿ–ಲಿವರ್‌ಪೂಲ್ ಮಾತ್ರ ಯಾಕೆ ನಿಂತ್ತು?

ಅದು ಬೇರೆ ಕಾರಣ, ಗೌರವ ಅಲ್ಲ, ಪೊಲೀಸ್. ಸೆಪ್ಟೆಂಬರ್ 14ರಿಂದ 19ರ ಬೆಳಿಗ್ಗೆವರೆಗೆ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಶವಪೆಟ್ಟಿಗೆ ದರ್ಶನಕ್ಕಿತ್ತು, ಸುಮಾರು 2.5 ಲಕ್ಷ ಜನ ಥೇಮ್ಸ್ ನದಿ ದಂಡೆ ಉದ್ದಕ್ಕೂ ರಾತ್ರಿ ಹಗಲು ಕ್ಯೂ ನಿಂತು ಬಂದ್ರು. 19ನೇ ತಾರೀಖು ಸೋಮವಾರ ಅಂತ್ಯಕ್ರಿಯೆಗೆ ಪ್ರಪಂಚದ ಎಲ್ಲಾ ಕಡೆಯ ಅಧ್ಯಕ್ಷರು, ರಾಜರು. ಆ ದಿನ ಲಂಡನ್‌ನಲ್ಲಿ 10,000ಕ್ಕೂ ಹೆಚ್ಚು ಪೊಲೀಸರು. ಬೇರೆ ಊರುಗಳಿಂದಲೂ ಪಡೆ ಎಳ್ಕೊಂಡಿದ್ರಿಂದ 18ನೇ ತಾರೀಖು ಭಾನುವಾರದ ಚೆಲ್ಸಿ–ಲಿವರ್‌ಪೂಲ್ ಜೊತೆಗೆ ಮ್ಯಾಂಚೆಸ್ಟರ್ ಯುನೈಟೆಡ್–ಲೀಡ್ಸ್ ಕೂಡ ಹೋಯ್ತು, ಅದು ಮೊದಲೇ ಬೆಂಕಿ-ಪೆಟ್ರೋಲ್ ಥರದ ಮ್ಯಾಚು. ಬ್ರೈಟನ್–ಕ್ರಿಸ್ಟಲ್ ಪ್ಯಾಲೇಸ್ ಕೂಡ ಆ ವಾರ ಇರ್ಲಿಲ್ಲ, ಆದ್ರೆ ಅದನ್ನ ನಿಲ್ಸಿದ್ದು ರೈಲು ಮುಷ್ಕರ ಇದೆ ಅಂತ, ಆಮೇಲೆ ಮುಷ್ಕರವೇ ವಾಪಸ್ ಆಯ್ತು, ಮ್ಯಾಚ್ ಮಾತ್ರ ವಾಪಸ್ ಬರ್ಲಿಲ್ಲ.

ಉಳಿದ ಏಳು ಮ್ಯಾಚಲ್ಲಿ ಮೌನಾಚರಣೆ, ರಾಷ್ಟ್ರಗೀತೆ, ಅರ್ಧಕ್ಕಿಳಿಸಿದ ಬಾವುಟ, 70ನೇ ನಿಮಿಷಕ್ಕೆ 70 ವರ್ಷದ ಆಳ್ವಿಕೆಗೆ ಅಂತ ಚಪ್ಪಾಳೆ. ಹಿಂದಿನ ವಾರ ಇದನ್ನೇ ಮಾಡ್ಬಹುದಿತ್ತಲ್ಲ ಅಂತ ಜನ ಕೇಳಿದ್ರೆ ತಪ್ಪೇನು?

ರೇಂಜರ್ಸ್, ಸೆಲ್ಟಿಕ್ ವಿಷಯದಲ್ಲಿ ಏನೋ ಗಲಾಟೆ ಆಯ್ತಲ್ಲ?

ಗ್ಲಾಸ್ಗೋದ ಈ ಎರಡು ಕ್ಲಬ್ಬಿನ ಕತೆ ಗೊತ್ತಿರೋರಿಗೆ ಆಶ್ಚರ್ಯ ಆಗಲ್ಲ, ರೇಂಜರ್ಸ್ ಕಡೆಯವರಲ್ಲಿ ಹೆಚ್ಚಿನವರು ರಾಜಮನೆತನದ ಭಕ್ತರು, ಸೆಲ್ಟಿಕ್ ಕಡೆ ಐರಿಷ್ ಮೂಲದವರು ಜಾಸ್ತಿ, ಅವರಿಗೆ ಕಿರೀಟ ಅಂದ್ರೇ ಆಗಲ್ಲ. ಶವಪೆಟ್ಟಿಗೆ ಎಡಿನ್‌ಬರೋದಲ್ಲಿದ್ದಾಗ ಸ್ಕಾಟ್ಲೆಂಡ್ ಪೊಲೀಸರೆಲ್ಲಾ ಅಲ್ಲೇ ಇದ್ರು, ಅದಕ್ಕೆ ರೇಂಜರ್ಸ್–ನಪೋಲಿ ಚಾಂಪಿಯನ್ಸ್ ಲೀಗ್ ಮ್ಯಾಚನ್ನ ಮಂಗಳವಾರದಿಂದ ಬುಧವಾರಕ್ಕೆ ಹಾಕಿದ್ರು, ಇಟಲಿಯಿಂದ ಫ್ಯಾನ್ಸ್ ಬರೋ ಹಾಗಿಲ್ಲ ಅಂದ್ರು, ನ್ಯಾಯ ಸಮ ಆಗ್ಲಿ ಅಂತ ಆಮೇಲೆ ನಪೋಲಿಯ ಊರು ನೇಪಲ್ಸಲ್ಲಿ ನಡೆಯೋ ಮ್ಯಾಚಿಗೆ ರೇಂಜರ್ಸ್ ಫ್ಯಾನ್ಸಿಗೂ ನಿಷೇಧ. ರಾಷ್ಟ್ರಗೀತೆ ಹಾಕ್ತೀವಿ ಅಂತ ಕೇಳಿದ್ದಕ್ಕೆ ಯುಇಎಫ್‌ಎ ಬೇಡ ಅಂತು. ರೇಂಜರ್ಸ್ ಹಾಕೇ ಹಾಕಿದ್ರು. ಯುಇಎಫ್‌ಎ ಕ್ರಮ ಏನೂ ತಗೊಳ್ಲಿಲ್ಲ.

ಅದೇ ಬುಧವಾರ ಸೆಲ್ಟಿಕ್ ತಂಡ ವಾರ್ಸಾದಲ್ಲಿ ಶಖ್ತಾರ್ ಜೊತೆ ಆಡ್ತಿತ್ತು, ಅದರ ಫ್ಯಾನ್ಸ್ ಕಿರೀಟಕ್ಕೆ ಬೈಗುಳ ಬರೆದ ಬ್ಯಾನರ್ ಎತ್ತಿದ್ರು, ಅದಕ್ಕೆ ದಂಡ ಬಿತ್ತು. ಭಾನುವಾರ ಸೇಂಟ್ ಮಿರೆನ್‌ನಲ್ಲಿ ಮೌನ ಇಟ್ರೆ ಕೆಡುತ್ತೆ ಅಂತ ಒಂದು ನಿಮಿಷ ಚಪ್ಪಾಳೆ ಇಟ್ರು, ಸೆಲ್ಟಿಕ್ ಫ್ಯಾನ್ಸ್ ಆ ಚಪ್ಪಾಳೇನೇ ತಾಳ ಮಾಡ್ಕೊಂಡು ರಾಜಮನೆತನ ಬೇಡದವರು ಚಪ್ಪಾಳೆ ತಟ್ಟಿ ಅಂತ ಹಾಡಿದ್ರು. ಬೈಕೊಂಡವರೂ ಇದ್ರು, ನಕ್ಕವರೂ ಇದ್ರು. ಆರ್ಸೆನಲ್–ಪಿಎಸ್‌ವಿ ಮ್ಯಾಚ್ ಕೂಡ ಲಂಡನ್ ಪೊಲೀಸ್ ಇಲ್ಲ ಅಂತ ಅಕ್ಟೋಬರ್ 20ಕ್ಕೆ ಹೋಯ್ತು, ಅಲ್ಲಿ ಮಾತ್ರ ಇಂಥಾ ತಾಪತ್ರಯ ಇರ್ಲಿಲ್ಲ.

## ಹಿಂದೆ ಹೇಗಿತ್ತು, ಬೇರೆ ಕಡೆ ಹೇಗೆ

ಹಿಂದಿನ ರಾಜರು ಸತ್ತಾಗಲೂ ಆಟ ನಿಲ್ಸಿದ್ರಾ?

ಒಂದೊಂದು ಸಲ ಒಂದೊಂದು ಥರ, ಸಂಪ್ರದಾಯ ಅಂತ ಗಟ್ಟಿಯಾಗಿ ಏನೂ ಇಲ್ಲ. ವಿಕ್ಟೋರಿಯಾ ರಾಣಿ 1901ರ ಜನವರಿ 22ಕ್ಕೆ ತೀರಿಕೊಂಡಾಗ ಎಫ್‌ಎ ಕಪ್‌ನ ಮೊದಲ ಸುತ್ತು ಫೆಬ್ರವರಿ 9ಕ್ಕೆ ಹೋಯ್ತು. ಆ ವರ್ಷ ಕಪ್ ಗೆದ್ದಿದ್ದು ಟಾಟನ್‌ಹ್ಯಾಮ್, ಆಗ ಅವರು ಫುಟ್‌ಬಾಲ್ ಲೀಗಲ್ಲೇ ಇರ್ಲಿಲ್ಲ, ಸದರ್ನ್ ಲೀಗ್ ತಂಡ. 1910ರ ಮೇ 6ಕ್ಕೆ ಏಳನೇ ಎಡ್ವರ್ಡ್ ಹೋದಾಗ ಸೀಸನ್ ಆಗಲೇ ಮುಗಿದಿತ್ತು, ಆ ಜೂನಲ್ಲಿ ಅಸ್ಕಾಟ್ ಕುದುರೆ ರೇಸನ್ನ ನಿಲ್ಲಿಸದೇ ಎಲ್ಲರೂ ಕಪ್ಪು ಬಟ್ಟೆ ಹಾಕ್ಕೊಂಡು ಬಂದು ನೋಡಿದ್ರು. 1936ರಲ್ಲಿ ಐದನೇ ಜಾರ್ಜ್ ತೀರಿಕೊಂಡು ಐದು ದಿನಕ್ಕೆ, ಅಂತ್ಯಕ್ರಿಯೆಗೂ ಮುಂಚೆ, ಎಫ್‌ಎ ಕಪ್ ನಾಲ್ಕನೇ ಸುತ್ತು ನಡೀತು. ಎಫ್‌ಎ ಕಪ್ ಫೈನಲ್‌ಗೆ ಬಂದ ಮೊದಲ ಆಳುವ ರಾಜ ಅವರೇ, 1914ರಲ್ಲಿ.

ಎಲಿಜಬೆತ್ ಅವರ ತಂದೆ ಆರನೇ ಜಾರ್ಜ್ ತೀರಿಕೊಂಡಿದ್ದು 1952ರ ಫೆಬ್ರವರಿ 6, ಬುಧವಾರ. ಆ ಶನಿವಾರ ಲೀಗ್ ಮ್ಯಾಚ್ ನಡೆದ್ವು, ಜನ ಟೋಪಿ ತೆಗೆದು ನಿಂತು ಪ್ರಾರ್ಥನೆ ಗೀತೆ ಹಾಡಿ ಆಮೇಲೆ ಆಟ. ಅವತ್ತು ನಿಂತಿದ್ದು ಇಂಗ್ಲೆಂಡ್–ಐರ್ಲೆಂಡ್ ರಗ್ಬಿ! 2022ಕ್ಕೆ ಪೂರ್ತಿ ಉಲ್ಟಾ.

ಡಯಾನಾ ಸತ್ತಾಗ, ಆಮೇಲೆ ಪ್ರಿನ್ಸ್ ಫಿಲಿಪ್ ಸತ್ತಾಗ ಏನ್ ಮಾಡಿದ್ರು?

ಅವರಿಬ್ಬರೂ ಆಳಿದವರಲ್ಲ, ಆದ್ರೂ ಹೋಲಿಕೆಗೆ ಒಳ್ಳೇದು. ಡಯಾನಾ 1997ರ ಆಗಸ್ಟ್ 31, ಭಾನುವಾರ ಬೆಳಗಿನ ಜಾವ ತೀರಿಕೊಂಡ್ರು, ಅವತ್ತಿನ ಲಿವರ್‌ಪೂಲ್–ನ್ಯೂಕ್ಯಾಸಲ್ ಮ್ಯಾಚ್ ನಿಲ್ಸಿದ್ರು. ಅಂತ್ಯಕ್ರಿಯೆ ಮುಂದಿನ ಶನಿವಾರ, ಅದೇ ದಿನ ಸ್ಕಾಟ್ಲೆಂಡ್–ಬೆಲಾರುಸ್ ವಿಶ್ವಕಪ್ ಅರ್ಹತಾ ಪಂದ್ಯ. ಸ್ಕಾಟ್ಲೆಂಡ್ ಸಂಸ್ಥೆ ಮೊದಲು ಆಡೇ ಆಡ್ತೀವಿ ಅಂತ ಕೂತಿತ್ತು, ಆಲಿ ಮೆಕಾಯ್ಸ್ಟ್, ಆಂಡಿ ಗೋರಮ್, ಗಾರ್ಡನ್ ಡ್ಯೂರಿ ಮೂರು ಜನ ನಾವು ಆಡಲ್ಲ ಅಂದ್ರು, ದೇಶದಲ್ಲಿ ಗಲಾಟೆ ಎದ್ದಿತು, ಕೊನೆಗೆ ಭಾನುವಾರಕ್ಕೆ ಹಾಕಿದ್ರು. 4–1 ಗೆದ್ರು ಕೂಡ. ಈ ಅನುಭವ ಆದ್ಮೇಲೆ ಆಡೋಣ ಅನ್ನೋ ಧೈರ್ಯ ಯಾರಿಗೂ ಬರದೇ ಇರೋದು ಸಹಜ.

ಫಿಲಿಪ್ 2021ರ ಏಪ್ರಿಲ್ 9ಕ್ಕೆ ತೀರಿಕೊಂಡಾಗ ಮ್ಯಾಚ್ ನಿಲ್ಲಿಸ್ಲಿಲ್ಲ, ಮೌನ, ಕಪ್ಪು ಪಟ್ಟಿ ಅಷ್ಟೇ. 17ರ ಅಂತ್ಯಕ್ರಿಯೆ ಮಧ್ಯಾಹ್ನ 3ಕ್ಕೆ ಇತ್ತು, ಅದು ಮಾಮೂಲಿ ಕಿಕಾಫ್ ಟೈಮು, ಅದಕ್ಕೆ ಆ ಹೊತ್ತಿನ ಮ್ಯಾಚುಗಳ ಸಮಯ ಬದಲಾಯಿಸಿದ್ರು. ಕೋವಿಡ್ ಕಾಲ, ಸ್ಟೇಡಿಯಂ ಖಾಲಿ, ಬೂ ಮಾಡೋಕೆ ಯಾರೂ ಇಲ್ಲ, ಪೊಲೀಸೂ ಬೇಕಿಲ್ಲ, ಇದನ್ನೂ ಲೆಕ್ಕಕ್ಕೆ ತಗೋಬೇಕು.

ಥಾಯ್ಲೆಂಡಲ್ಲಿ ಲೀಗನ್ನೇ ಮುಗಿಸಿಬಿಟ್ರಂತೆ?

ಹೌದು, ಇದರ ಮುಂದೆ ಇಂಗ್ಲೆಂಡಿನದ್ದು ಏನೂ ಅಲ್ಲ. ಭೂಮಿಬೋಲ್ ರಾಜ 70 ವರ್ಷ ಆಳಿ 2016ರ ಅಕ್ಟೋಬರ್ 13ಕ್ಕೆ ತೀರಿಕೊಂಡ್ರು. ಸರ್ಕಾರಿ ಶೋಕ ಒಂದು ವರ್ಷ, ಮೊದಲ 30 ದಿನ ಮನರಂಜನೆ ಬೇಡ ಅಂತ ಕೋರಿಕೆ. ಲೀಗಲ್ಲಿ ಇನ್ನು ಮೂರು ರೌಂಡ್ ಬಾಕಿ ಇತ್ತು, ಅಲ್ಲಿಗೇ ಮುಗೀತು ಅಂದ್ರು, ಮೇಲಿದ್ದ ಮುವಾಂಗ್‌ಥಾಂಗ್ ಯುನೈಟೆಡ್ ಚಾಂಪಿಯನ್. ಅಲ್ಲಿನ ಎಫ್‌ಎ ಕಪ್‌ನಲ್ಲಿ ಸೆಮಿಫೈನಲ್‌ಗೆ ಬಂದಿದ್ದ ನಾಲ್ಕೂ ತಂಡನ ಜಂಟಿ ವಿಜೇತರು ಅಂತ ಮಾಡಿ, ಏಷ್ಯಾ ಟೂರ್ನಿಗೆ ಯಾರು ಹೋಗ್ಬೇಕು ಅನ್ನೋದಕ್ಕೆ ಚೀಟಿ ಎತ್ತಿದ್ರು! ಚೀಟಿ ಬಂದಿದ್ದು ಸುಖೋಥಾಯ್ ಕ್ಲಬ್ಬಿಗೆ.

ಆದ್ರೆ ನವೆಂಬರ್ 15ಕ್ಕೆ ಬ್ಯಾಂಕಾಕ್‌ನಲ್ಲಿ ಆಸ್ಟ್ರೇಲಿಯಾ ಜೊತೆ ವಿಶ್ವಕಪ್ ಅರ್ಹತಾ ಪಂದ್ಯ ಇತ್ತು, ಅದನ್ನ ಬೇರೆ ದೇಶಕ್ಕೆ ಸಾಗಿಸೋದಾ ಅಂತ ಯೋಚಿಸಿ ಕೊನೆಗೆ ಅಲ್ಲೇ ಆಡ್ಸಿದ್ರು. ಬರೋರು ಕಪ್ಪು-ಬಿಳಿ ಥರದ ಬಟ್ಟೇಲಿ ಬನ್ನಿ, ಡ್ರಮ್ಮು ಘೋಷಣೆ ಬೇಡ ಅಂತ ಕೇಳ್ಕೊಂಡಿದ್ರು. ಮ್ಯಾಚ್ 2–2. ಬಲಿಷ್ಠ ಆಸ್ಟ್ರೇಲಿಯಾಕ್ಕೆ ಎರಡು ಗೋಲ್ ಹೊಡೆದು ಸುಮ್ಮನೆ ಕೂತ್ಕೊಳೋದು ಅಂದ್ರೆ ಎಷ್ಟು ಕಷ್ಟ ಅಂತ ಫುಟ್‌ಬಾಲ್ ನೋಡೋರಿಗೆ ಹೇಳ್ಬೇಕಿಲ್ಲ.

ಪೋಪ್ ತೀರಿಕೊಂಡಾಗ ಇಟಲಿಯಲ್ಲಿ ನಿಲ್ಸಿದ್ದನ್ನೂ ಇದೇ ಲೆಕ್ಕಕ್ಕೆ ಹಾಕಬಹುದಾ?

ಹಾಕಬಹುದು, ಯಾಕಂದ್ರೆ ಪೋಪ್ ಬರೀ ಧರ್ಮಗುರು ಅಲ್ಲ, ವ್ಯಾಟಿಕನ್ ದೇಶಕ್ಕೆ ರಾಜನೂ ಅವರೇ. 2025ರ ಏಪ್ರಿಲ್ 21, ಈಸ್ಟರ್ ಸೋಮವಾರ ಪೋಪ್ ಫ್ರಾನ್ಸಿಸ್ ತೀರಿಕೊಂಡ್ರು, ಅವತ್ತಿನ ನಾಲ್ಕು ಸೀರಿ ಎ (ಇಟಲಿಯ ಅತಿ ಮೇಲಿನ ಲೀಗ್) ಮ್ಯಾಚ್ ಎರಡೇ ದಿನಕ್ಕೆ ಬುಧವಾರ ಆಡಿ ಮುಗಿಸಿದ್ರು. 2005ರ ಏಪ್ರಿಲಲ್ಲಿ ಎರಡನೇ ಜಾನ್ ಪಾಲ್ ಹೋದಾಗಲೂ ಆ ವಾರದ ರೌಂಡ್ ಮುಂದಕ್ಕೆ ಹೋಗಿತ್ತು.

ಜಪಾನಲ್ಲಿ ಇನ್ನೊಂದು ಥರ. ಹಿರೋಹಿಟೊ ಚಕ್ರವರ್ತಿ ತೀರಿಕೊಂಡ 1989ರ ಜನವರಿ 7ಕ್ಕೇ ಹೈಸ್ಕೂಲ್ ಹುಡುಗರ ರಾಷ್ಟ್ರೀಯ ರಗ್ಬಿ ಫೈನಲ್ ಇತ್ತು, ಮುಂದಕ್ಕೆ ಹಾಕದೇ ರದ್ದೇ ಮಾಡಿ ಎರಡೂ ಶಾಲೆಗೆ ಪ್ರಶಸ್ತಿ ಹಂಚಿಬಿಟ್ರು. ಫೈನಲ್ ಆಡದೇ ಚಾಂಪಿಯನ್ ಆದ ಆ ಹುಡುಗರಿಗೆ ಹೇಗನ್ನಿಸಿರಬೇಡ.

ಭಾರತದಲ್ಲೂ ರಾಣಿಗೆ ಒಂದು ದಿನ ಶೋಕ ಇತ್ತಲ್ಲ, ನಮ್ಮಲ್ಲಿ ಮ್ಯಾಚ್ ನಿಂತ್ವಾ?

2022ರ ಸೆಪ್ಟೆಂಬರ್ 11ಕ್ಕೆ ಕೇಂದ್ರ ಸರ್ಕಾರ ಒಂದು ದಿನದ ಶೋಕ ಘೋಷಿಸಿತ್ತು. ನಮ್ಮಲ್ಲಿ ಅದರ ಅರ್ಥ ಸರ್ಕಾರಿ ಕಟ್ಟಡದ ಮೇಲೆ ಬಾವುಟ ಅರ್ಧಕ್ಕೆ, ಸರ್ಕಾರಿ ಮನರಂಜನಾ ಕಾರ್ಯಕ್ರಮ ಇಲ್ಲ, ಅಷ್ಟೇ. ಆಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಆಗ ಡ್ಯುರಾಂಡ್ ಕಪ್ ನಡೀತಿತ್ತು, 18ನೇ ತಾರೀಖು ಕೋಲ್ಕತ್ತಾದಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮುಂಬೈ ಸಿಟಿಯನ್ನ 2–1 ಸೋಲ್ಸಿ ಕಪ್ ತಂತು.

ಆದ್ರೆ ಇಡೀ ಊರೇ ಶೋಕದಲ್ಲಿದ್ದಾಗ ಪೊಲೀಸ್ ಎಲ್ಲಿಂದ ತರೋದು ಅನ್ನೋ ಪ್ರಶ್ನೆ ಬೆಂಗಳೂರಿನವರಿಗೆ ಯಾರೂ ಬಿಡಿಸಿ ಹೇಳ್ಬೇಕಿಲ್ಲ. 2006ರಲ್ಲಿ ಅಣ್ಣಾವ್ರು, 2021ರಲ್ಲಿ ಅಪ್ಪು, ಇಬ್ಬರ ಅಂತಿಮ ದರ್ಶನಕ್ಕೂ ಇಟ್ಟಿದ್ದು ಕಂಠೀರವ ಸ್ಟೇಡಿಯಂನಲ್ಲೇ, ಈಗ ಬೆಂಗಳೂರು ಎಫ್‌ಸಿ ಆಡೋ ಮೈದಾನ ಅದು. ಅಂಥಾ ದಿನ ಅಲ್ಲಿ ಮ್ಯಾಚ್ ಇದ್ದಿದ್ರೆ ನಿಲ್ಲಿಸೋದಾ ಬೇಡ್ವಾ ಅಂತ ಚರ್ಚೆಗೇ ಜಾಗ ಇರ್ತಿರ್ಲಿಲ್ಲ.

## ಕ್ಯಾಲೆಂಡರ್, ರೂಲ್ಸು, ಒಳಸುಳಿ

ನಿಂತ ಮ್ಯಾಚುಗಳನ್ನ ಆಮೇಲೆ ಯಾವಾಗ ಆಡಿದ್ರು?

ಬೇರೆ ವರ್ಷ ಆಗಿದ್ರೆ ಒಂದೆರಡು ತಿಂಗಳಲ್ಲಿ ಮುಗಿಸ್ತಿದ್ರು. ಆ ವರ್ಷ ನವೆಂಬರ್ 20ಕ್ಕೆ ಕತಾರ್ ವಿಶ್ವಕಪ್ ಶುರು, ಲೀಗ್ ನವೆಂಬರ್ ಮಧ್ಯದಲ್ಲೇ ಬ್ರೇಕ್, ಅದಕ್ಕೆ ಮುಂಚೆ ವಾರದ ಮಧ್ಯದ ದಿನಗಳೆಲ್ಲಾ ಯುರೋಪ್ ಟೂರ್ನಿ ತಿಂದುಹಾಕಿತ್ತು. ಹಾಗಾಗಿ ಎಲ್ಲಾ 2023ಕ್ಕೆ. ಫುಲಂ–ಚೆಲ್ಸಿ ಜನವರಿ 12, ಪ್ಯಾಲೇಸ್–ಮ್ಯಾಂಚೆಸ್ಟರ್ ಯುನೈಟೆಡ್ ಜನವರಿ 18, ಮಾರನೇ ದಿನ ಮ್ಯಾಂಚೆಸ್ಟರ್ ಸಿಟಿ–ಟಾಟನ್‌ಹ್ಯಾಮ್, ಮಾರ್ಚ್ 1ಕ್ಕೆ ಆರ್ಸೆನಲ್–ಎವರ್ಟನ್ ಮತ್ತೆ ಲಿವರ್‌ಪೂಲ್–ವುಲ್ವ್ಸ್, ಮಾರ್ಚ್ 15ಕ್ಕೆ ಸೌತಾಂಪ್ಟನ್–ಬ್ರೆಂಟ್‌ಫರ್ಡ್, ಉಳಿದದ್ದು ಏಪ್ರಿಲ್ 4 ಮತ್ತೆ 5. ವೆಸ್ಟ್ ಹ್ಯಾಮ್–ನ್ಯೂಕ್ಯಾಸಲ್ ಎಲ್ಲಕ್ಕಿಂತ ಕೊನೆ, ಏಪ್ರಿಲ್ 5, ನ್ಯೂಕ್ಯಾಸಲ್ 5–1. ಸುಮಾರು ಏಳು ತಿಂಗಳು ತಡ.

ಅಷ್ಟು ತಡ ಆದ್ರೆ ಅದು ಅದೇ ಮ್ಯಾಚ್ ಹೇಗಾಗುತ್ತೆ? ಯಾರಿಗಾದ್ರೂ ಲಾಭ ಆಯ್ತಾ?

ಅದೇ ಮ್ಯಾಚ್ ಅಲ್ಲವೇ ಅಲ್ಲ, ಕಾಗದದ ಮೇಲೆ ಮಾತ್ರ. ಚೆಲ್ಸಿ ನೋಡಿ: ಸೆಪ್ಟೆಂಬರ್ 7ಕ್ಕೆ ಮ್ಯಾನೇಜರ್ (ಅಂದ್ರೆ ಕೋಚ್) ಟೂಕೆಲ್‌ನ ತೆಗೆದ್ರು, 8ಕ್ಕೆ, ಅಂದ್ರೆ ರಾಣಿ ತೀರಿಕೊಂಡ ದಿನವೇ, ಗ್ರಹಾಂ ಪಾಟರ್ ಬಂದ್ರು, ಅವರ ಮೊದಲ ಮ್ಯಾಚ್ ಫುಲಂ ವಿರುದ್ಧ ಆಗ್ಬೇಕಿತ್ತು. ಅದು ನಿಂತು ಜನವರಿಗೆ ಹೋಗಿ, ಆಗ ಚೆಲ್ಸಿ 1–2 ಸೋತಿತು. ಇನ್ನೊಂದು ನಿಂತ ಮ್ಯಾಚ್ ಲಿವರ್‌ಪೂಲ್ ಜೊತೆ ಏಪ್ರಿಲ್ 4ಕ್ಕೆ ಇಟ್ರು, ಅದಕ್ಕೆ ಎರಡು ದಿನ ಮುಂಚೆ ಪಾಟರ್‌ನೇ ತೆಗೆದುಹಾಕಿದ್ರು! ಒಬ್ಬ ಮ್ಯಾನೇಜರ್ ಬಂದು ಹೋದ ಕಾಲ ಹೆಚ್ಚುಕಮ್ಮಿ ಪೂರ್ತಿ ಒಂದು ಮ್ಯಾಚ್ ಮುಂದೂಡಿಕೆ ಒಳಗೇ ಮುಗಿದುಹೋಯ್ತು. ಎವರ್ಟನ್‌ಗೆ ಲ್ಯಾಂಪಾರ್ಡ್ ಹೋಗಿ ಡೈಶ್ ಬಂದಿದ್ರು, ವುಲ್ವ್ಸ್‌ಗೆ ಲೊಪೆತೆಗಿ, ಸೌತಾಂಪ್ಟನ್ ಅಂತೂ ಎರಡು ಸಲ ಬದಲಾಯಿಸಿತ್ತು. ಲಾಭ-ನಷ್ಟ ಲೆಕ್ಕ ಹಾಕೋದು ಕಷ್ಟ, ಸೆಪ್ಟೆಂಬರಲ್ಲಿ ಆಡಿದ್ರೆ ಏನಾಗ್ತಿತ್ತು ಅಂತ ಯಾರು ಹೇಳೋಕಾಗುತ್ತೆ. ಆದ್ರೆ ಗಾಯಗೊಂಡವರು ಜಾಸ್ತಿ ಇದ್ದ ತಂಡ ಆ ಶುಕ್ರವಾರ ಒಳಗೊಳಗೇ ನಿಟ್ಟುಸಿರು ಬಿಟ್ಟಿರುತ್ತೆ, ಅಷ್ಟಂತೂ ಗ್ಯಾರಂಟಿ.

ಮೂಲ ಡೇಟಿಗೆ ಟೀಮಲ್ಲೇ ಇರದ ಆಟಗಾರ ಹೊಸ ಡೇಟಿಗೆ ಆಡಬಹುದಾ? ಬ್ಯಾನ್ ಇದ್ದವನ ಕತೆ ಏನು?

ಪ್ರೀಮಿಯರ್ ಲೀಗಲ್ಲಿ ಆಡಬಹುದು, ಮ್ಯಾಚ್ ನಡೆಯೋ ದಿನ ನೋಂದಣಿ ಆಗಿದ್ರೆ ಸಾಕು. ಜೊವಾವೊ ಫೆಲಿಕ್ಸ್ ಜನವರಿಯಲ್ಲಿ ಚೆಲ್ಸಿಗೆ ಬಂದು ಆಡಿದ ಮೊದಲ ಮ್ಯಾಚೇ ಆ ಫುಲಂ ಮ್ಯಾಚು, ಸೆಪ್ಟೆಂಬರಲ್ಲಿ ಅವನು ಸ್ಪೇನಲ್ಲಿದ್ದ. ಚೆನ್ನಾಗೇ ಆಡ್ತಿದ್ದ, ಆಮೇಲೆ ರೆಡ್ ಕಾರ್ಡ್ ತಗೊಂಡು ಮೊದಲ ದಿನವೇ ಆಚೆ. ಬ್ಯಾನ್ ವಿಷಯ ಇಷ್ಟೇ: ನಿಷೇಧ ಅಂಟಿಕೊಳೋದು ನಡೆದ ಮ್ಯಾಚಿಗೆ, ಪಟ್ಟಿಯಲ್ಲಿರೋ ಮ್ಯಾಚಿಗಲ್ಲ. ನಿಂತ ಮ್ಯಾಚಿಗೆ ಬ್ಯಾನ್ ಇದ್ದವನು ಅದನ್ನ ಮುಂದೆ ನಡೆಯೋ ಮ್ಯಾಚಲ್ಲಿ ಕಳೀಬೇಕು, ಕಳೆದಾದ್ಮೇಲೆ ನಿಂತ ಮ್ಯಾಚ್ ಬಂದಾಗ ಆರಾಮಾಗಿ ಆಡಬಹುದು.

ಫ್ಯಾಂಟಸಿ ಆಡೋರು ಇಂಥಾ ಟೈಮಲ್ಲಿ ಏನ್ ಮಾಡ್ಬೇಕು?

ನಗ್ಬೇಡಿ, ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ನಿಂತ ಮ್ಯಾಚು ಆಮೇಲೆ ಯಾವುದೋ ವಾರಕ್ಕೆ ಸೇರ್ಕೊಂಡು ಆ ತಂಡಗಳಿಗೆ ಡಬಲ್ ಗೇಮ್‌ವೀಕ್ ಆಗುತ್ತೆ, ಒಬ್ಬನೇ ಆಟಗಾರ ಒಂದೇ ವಾರ ಎರಡು ಮ್ಯಾಚ್. 2023ರ ಜನವರಿಯಿಂದ ಏಪ್ರಿಲ್‌ವರೆಗೆ ಅಂಥಾ ವಾರಗಳು ಸಾಲಾಗಿ ಬಂದ್ವು. ಹಾಗಾಗಿ ಮ್ಯಾಚ್ ನಿಂತ ಕೂಡ್ಲೇ ಗಾಬರಿ ಬಿದ್ದು ಪಾಯಿಂಟ್ ಕಳ್ಕೊಂಡು ಟ್ರಾನ್ಸ್‌ಫರ್ ಮಾಡ್ಬೇಡಿ, ಕಪ್ ಟೂರ್ನಿಯಲ್ಲಿ ಯಾವ ತಂಡ ಬೇಗ ಔಟ್ ಆಗುತ್ತೋ ಆ ತಂಡಕ್ಕೆ ವಾರದ ಮಧ್ಯೆ ಖಾಲಿ ದಿನ ಸಿಗುತ್ತೆ, ಬಾಕಿ ಮ್ಯಾಚ್ ಸಾಮಾನ್ಯವಾಗಿ ಅಲ್ಲೇ ಬಂದು ಕೂರುತ್ತೆ, ಅದನ್ನ ನೋಡ್ಕೊಂಡು ಟ್ರಿಪಲ್ ಕ್ಯಾಪ್ಟನ್ (ಕ್ಯಾಪ್ಟನ್‌ಗೆ ಮೂರು ಪಟ್ಟು ಪಾಯಿಂಟ್), ಬೆಂಚ್ ಬೂಸ್ಟ್ (ಬೆಂಚಲ್ಲಿರೋರ ಪಾಯಿಂಟೂ ಸೇರೋದು) ಉಳಿಸಿಟ್ಕೊಳಿ.